ಪ್ರತಿಕ್ರಿಯೆ: ಎಂಜಿನ್ ಪವರ್ ಹೋಗಿತ್ತು ಅಂತ ಹೆಂಗ ಗೊತ್ತಾಯ್ತು?

ಸರ, ನೀವೂ ಕಲಬುರಗಿಯವ್ರೇ ಅಂತ ನೋಡಿ ಬರೀಲಿಕ್ಕತ್ತೀನಿ. ಅಹಮದಾಬಾದ್‌ದಾಗ ಬಿದ್ದ ಏರ್ ಇಂಡಿಯಾ ವಿಮಾನ ಫ್ಲಾಪ್ (ಏರಾಗ ರೆಕ್ಕಿ ಹಿಂದಿನಿಂದ ಇಳಿಸೋ ಪಟ್ಟಿ) ಹಾಕದೇ ಬಿದ್ದದೋ, ಎಂಜಿನ್ ಪವರ್ ಹೋಗಿ ಬಿದ್ದದೋ ಅಂತ ಕೇಳೀರಿ. ವಿಮಾನ ಬೀಳೋ ಮೊಬೈಲ್ ವಿಡಿಯೋದಾಗ ಫ್ಲಾಪ್ ನೆಟ್ಟಗ ಕಾಣಂಗಿಲ್ರಿ, ಅದನ್ನ ಬಿಡ್ರಿ. ಅವಶೇಷದಾಗ ಫ್ಲಾಪ್ ಹ್ಯಾಂಡಲ್ 5 ಡಿಗ್ರಿ ಮ್ಯಾಲೇ ಇತ್ತು, ಟೇಕಾಫ್‌ಗೆ ಅದು ಸರೀನೇ.

ನೋಡಬೇಕಾದ್ದು ರ‍್ಯಾಟ್, ಅಂದ್ರ ಹೊಟ್ಟಿ ಕೆಳಗಿನ ಸಣ್ಣ ಟರ್ಬೈನ್, ಮನ್ಯಾಗ ಕರೆಂಟ್ ಹೋದ್ರ ಇನ್ವರ್ಟರ್ ಆನ್ ಆದಂಗ ಎರಡೂ ಎಂಜಿನ್ ಹೋದ್ರ ಅದು ತಾನೇ ಇಳೀತದ, ಏರ್‌ಪೋರ್ಟ್ ಸಿಸಿಟಿವಿದಾಗ ಅದು ಕಂಡದ. ಆದ್ರ ಖರೇ ಅಂದ್ರ ಅದೊಂದೇ ಸಾಕಾಗಲ್ಲ, ಪೂರ್ತಿ ಎಲೆಕ್ಟ್ರಿಕಲ್ ಫೇಲ್ ಆದ್ರೂ ಬರ್ತದ.

ಗಟ್ಟಿ ಪುರಾವೆ ವಿಮಾನದ ರೆಕಾರ್ಡರ್‌ದಾಗ, ಅಂದ್ರ ಬ್ಲ್ಯಾಕ್ ಬಾಕ್ಸ್‌ದಾಗ ಅದ. 2025 ಜುಲೈದಾಗ ಬಂದ ಎಎಐಬಿ (ವಿಮಾನ ಅಪಘಾತ ತನಿಖೆ ಮಾಡೋ ಸರ್ಕಾರಿ ಸಂಸ್ಥೆ) ಪ್ರಾಥಮಿಕ ವರದಿ ಪ್ರಕಾರ ಸ್ಪೀಡ್ 180 ನಾಟ್ ಮುಟ್ಟಿದ ಕೂಡ್ಲೇ ಎರಡೂ ಫ್ಯೂಯಲ್ ಸ್ವಿಚ್ 1 ಸೆಕೆಂಡ್ ಅಂತರದಾಗ ರನ್‌ನಿಂದ (ಎಂಜಿನ್‌ಗೆ ಫ್ಯೂಯಲ್ ಚಾಲೂ) ಕಟಾಫ್‌ಗೆ (ಫ್ಯೂಯಲ್ ಬಂದ್) ಹೋದ್ವು, ಎಂಜಿನ್ ತಿರುಗೋದು ಇಳೀಲಿಕ್ಕತ್ತು, ಸುಮಾರು 10 ಸೆಕೆಂಡ್ ಮ್ಯಾಲೆ ಒಂದು ಸ್ವಿಚ್, ಇನ್ನೊಂದು 4 ಸೆಕೆಂಡ್ ಬಿಟ್ಟು ಮತ್ತೊಂದು ವಾಪಸ್ ರನ್‌ಗೆ ಬಂದ್ವು. 1ನೇ ಎಂಜಿನ್ ಚೇತರಿಸ್ಕೋಲಿಕ್ಕತ್ತಿತ್ತು, 2ನೇದು ಹತ್ತಿಕೊಂಡ್ರೂ ವೇಗ ಹಿಡೀಲಿಲ್ಲ. ಎಂಜಿನ್ ಪೂರ್ತಿ ಚೇತರಿಸ್ಕೊಳ್ಳೋವಷ್ಟು ಎತ್ತರಾನೇ ಇರ್ಲಿಲ್ಲ ಬಿಡ್ರಿ. ಫ್ಯೂಯಲ್ ಕಲಬೆರಕಿ ಅನ್ನೋವ್ರಿಗೆ, ತುಂಬಿಸಿದ ಟ್ಯಾಂಕರ್‌ದ ಸ್ಯಾಂಪಲ್ ಟೆಸ್ಟ್‌ದಾಗ ಸರಿ ಬಂದಾವ.

ಟಿವಿಯವ್ರು ಆಗ್ಲೇ ಪೈಲಟ್ ಮ್ಯಾಲೆ ತೀರ್ಪು ಕೊಟ್ಟುಬಿಟ್ಟಾರ, ನನಗ ಅದು ಸರಿ ಅನ್ಸಂಗಿಲ್ಲ. ಯಾಕ ಕಟಾಫ್ ಮಾಡ್ದಿ ಅಂತ ಒಬ್ಬ ಪೈಲಟ್ ಕೇಳಿದ್ದು, ನಾ ಮಾಡಿಲ್ಲ ಅಂತ ಇನ್ನೊಬ್ಬ ಅಂದಿದ್ದು ವರದಿದಾಗ ಅದ, ಯಾರು ಯಾವುದು ಅಂದ್ರು ಅಂತ ಅದ್ರಾಗ ಬರ್ದಿಲ್ಲ.