ತಪ್ಪು ಗೊತ್ತಿದ್ದೂ ನನಗೆ ಯಾರೂ ಹೇಳಲಿಲ್ಲ

ಪ್ರಶ್ನೆ: ಎಂಟು ತಿಂಗಳ ಹಿಂದೆ ಬಡ್ತಿ ಸಿಕ್ಕಿ ಟೀಮ್ ಲೀಡ್ ಆದೆ. ಟೀಮಿನ ಆರೂ ಜನ ಅದುವರೆಗೆ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದವರು. ಅವರು ಮಾಡಿಕೊಡುವ ರಿಪೋರ್ಟುಗಳಿಂದ ನನಗೆ ಸಮಾಧಾನವಾಗುವುದಿಲ್ಲ. ರಾತ್ರಿ ಕೂತು ನಾನೇ ತಿದ್ದಿ, ಬೆಳಿಗ್ಗೆ ಗ್ರಾಹಕರಿಗೆ ಕಳಿಸುತ್ತೇನೆ. ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕಳೆದ ವಾರ ಒಂದು ರಿಪೋರ್ಟಿನ ಲೆಕ್ಕವೇ ತಪ್ಪಾಗಿದೆ ಎಂದು ಗ್ರಾಹಕರು ಫೋನ್ ಮಾಡಿದರು. ಟೀಮಿನ ಇಬ್ಬರಿಗೆ ಅದು ಮೊದಲೇ ಗೊತ್ತಿತ್ತಂತೆ! ಅವರಲ್ಲಿ ಒಬ್ಬಳು ನನ್ನ ಆಪ್ತ ಗೆಳತಿ. ಈಚೆಗೆ ಅವಳ ಕೆಲಸವೂ ಸದಾ ತಡ. ಹೇಳೋಣವೆಂದರೆ ಬಾಯಿ ಬರುವುದಿಲ್ಲ. ಹಳೆಯ ಹುದ್ದೆಗೇ ಹೋಗಿಬಿಡಲೇ?

ಉತ್ತರ: ಗೆಳತಿಯೇ ಮುಚ್ಚಿಟ್ಟಳಲ್ಲ ಎಂಬ ನೋವು ನಿಮ್ಮ ಪತ್ರದ ತುಂಬ ಇದೆ. ಅದು ಸಹಜ. ಆದರೆ ನನ್ನ ಕಣ್ಣು ನಿಂತದ್ದು ‘ರಾತ್ರಿ ಕೂತು ನಾನೇ ತಿದ್ದಿ’ ಎಂಬಲ್ಲಿ.

ಅವರ ಜಾಗದಲ್ಲಿ ನಿಂತು ನೋಡಿ. ಸಂಜೆ ರಿಪೋರ್ಟ್ ಮುಗಿಸಿ ಕೊಟ್ಟು ಹೋಗಿದ್ದಾರೆ. ಬೆಳಿಗ್ಗೆ ಗ್ರಾಹಕರಿಗೆ ಹೋದ ಪ್ರತಿಯಲ್ಲಿ ಒಂದು ಕೋಷ್ಟಕವೇ ಇಲ್ಲ, ಮುಕ್ತಾಯದ ಪ್ಯಾರಾ ಪೂರ್ತಿ ಬೇರೆ. ಯಾಕೆಂದು ಯಾರೂ ಹೇಳಿಲ್ಲ. ಮೊದಲ ಸಲ ಬೇಜಾರಾಗುತ್ತದೆ, ಎರಡನೇ ಸಲ ಏನು ಬದಲಾಗಿದೆ ಎಂದು ಹುಡುಕುತ್ತಾರೆ, ಆಮೇಲೆ ಅದನ್ನೂ ಬಿಡುತ್ತಾರೆ. ‘ಹೇಗಿದ್ದರೂ ಮೇಡಂ ನೋಡ್ತಾರೆ’ ಎನ್ನುವ ಮನಸ್ಸು ಬಂದ ಮೇಲೆ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡುವವರು ಯಾರು? ಕಣ್ಣಿಗೆ ಬಿದ್ದ ತಪ್ಪನ್ನು ಹೇಳುವ ಜವಾಬ್ದಾರಿಯೂ ತಮ್ಮದೆಂದು ಅನಿಸುವುದಿಲ್ಲ. ಆ ಇಬ್ಬರು ಸುಮ್ಮನಿದ್ದುದರ ಹಿಂದೆ ಹಗೆಗಿಂತ ಹೆಚ್ಚಾಗಿ ಇದೇ ಇರಬಹುದು. ಅವರನ್ನು ಬೇರೆ ಬೇರೆಯಾಗಿ ಕೇಳಿ. ಎಲ್ಲರೆದುರು ವಿಚಾರಣೆ ಮಾತ್ರ ಬೇಡ.

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಹೊಂದಾಣಿಕೆ ಚೆನ್ನಾಗಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ನಿರೀಕ್ಷೆ. ದಾಖಲೆ ನೋಡಿದರೆ ಅಂಥ ತಂಡಗಳಲ್ಲೇ ತಪ್ಪು ಹೆಚ್ಚು! ಆ ದಾದಿಯರು ಹೆಚ್ಚು ಎಡವುತ್ತಿರಲಿಲ್ಲ, ಎಡವಿದ್ದನ್ನು ಮುಚ್ಚಿಡುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಿಮ್ಮ ಮೀಟಿಂಗಿನ ಮೌನವನ್ನು ಎಲ್ಲ ಸರಿಯಿದೆ ಎಂದು ಓದಿಕೊಳ್ಳಬೇಡಿ.

ಹಾಗಾದರೆ ರಾತ್ರಿಯ ತಿದ್ದುಪಡಿ ಇವತ್ತಿಗೇ ನಿಲ್ಲಲಿ. ಅಂಕಿ ತಪ್ಪಿದ್ದರೆ, ಎಲ್ಲಿ, ಯಾಕೆ ಎಂದು ಎರಡು ಸಾಲು ಬರೆದು ಮಾಡಿದವರಿಗೇ ವಾಪಸ್ ಕೊಡಿ. ಹೊಸಬರಾದರೆ ಪಕ್ಕದಲ್ಲಿ ಕೂತು ತೋರಿಸಿ. ಪಳಗಿದವರಾದರೆ ಅಷ್ಟು ಹತ್ತಿರ ನಿಲ್ಲಬೇಡಿ. ಇನ್ನು ವಾಕ್ಯ ನಿಮ್ಮ ಶೈಲಿಯಲ್ಲಿಲ್ಲ, ಕೋಷ್ಟಕದ ಬಣ್ಣ ಹಿಡಿಸಲಿಲ್ಲ ಎನ್ನುವಂಥವನ್ನು ಹಾಗೇ ಬಿಡಿ. ಇದೇ ನಿಮಗೆ ಎಲ್ಲಕ್ಕಿಂತ ಕಷ್ಟವಾಗುತ್ತದೆ, ಯಾಕೆಂದರೆ ಕೆಲಸದಲ್ಲಿ ಅಚ್ಚುಕಟ್ಟು ಎಂಬ ಹೆಸರಿನಿಂದಲೇ ನಿಮಗೆ ಬಡ್ತಿ ಸಿಕ್ಕಿರಬೇಕು. ಒಳ್ಳೆಯ ಮ್ಯಾನೇಜರ್ ಎಂದರೆ ಯಾರು ಎಂದು ಗೂಗಲ್ ತನ್ನ ‘ಪ್ರಾಜೆಕ್ಟ್ ಆಕ್ಸಿಜನ್’ನಲ್ಲಿ ಹುಡುಕಿದಾಗ ಮೊದಲು ಪಟ್ಟಿ ಮಾಡಿದ ಎಂಟು ಗುಣಗಳಲ್ಲಿ ತಾಂತ್ರಿಕ ಕೌಶಲಕ್ಕೆ ಸಿಕ್ಕಿದ್ದು ಕೊನೆಯ ಸ್ಥಾನ. ಕಲಿಸಿ ಬೆಳೆಸುವ ಗುಣಕ್ಕೆ ಮೊದಲ ಸ್ಥಾನ. ಆರಂಭದಲ್ಲಿ ಕೆಲವು ರಿಪೋರ್ಟುಗಳು ತಡವಾಗಬಹುದು. ನಿಮ್ಮ ಮೇಲಿನವರಿಗೆ ಇದನ್ನು ಮುಂಚೆಯೇ ತಿಳಿಸಿಡಿ.

ಇನ್ನು ಮುಂದೆ ಯಾರಾದರೂ ತಪ್ಪನ್ನು ಹೇಳಿಕೊಂಡು ಬಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತಿನ ಮೇಲೆ ನಿಗಾ ಇರಲಿ. ‘ಯಾರು ಮಾಡಿದ್ದು?’ ಎಂದು ಶುರು ಮಾಡಿದರೆ ಮುಂದಿನ ಸಲ ಆ ಸುದ್ದಿ ನಿಮ್ಮವರೆಗೆ ಬರುವುದಿಲ್ಲ. ‘ಈಗಲೇ ಹೇಳಿದ್ದು ಒಳ್ಳೇದಾಯ್ತು, ಏನು ಮಾಡೋಣ?’ ಎಂದರೆ ಆ ಮಾತು ಸಂಜೆಯೊಳಗೆ ಉಳಿದ ಐವರ ಕಿವಿಗೂ ಬಿದ್ದಿರುತ್ತದೆ.

ಗೆಳತಿಯ ವಿಷಯವನ್ನು ಇದರ ಜೊತೆ ಬೆರೆಸಬೇಡಿ, ಮುಂದಕ್ಕೂ ಹಾಕಬೇಡಿ. ಮೆಸೇಜಿನಲ್ಲಿ ಬೇಡ, ಊಟದ ಮಧ್ಯೆ ತಮಾಷೆಯ ಧಾಟಿಯಲ್ಲಂತೂ ಬೇಡವೇ ಬೇಡ. ಇಬ್ಬರೇ ಕೂತು, ‘ಹೋದ ತಿಂಗಳು ನಿನ್ನ ಇಂತಿಂಥ ರಿಪೋರ್ಟ್ ತಡವಾಯ್ತು. ಏನಾಗ್ತಿದೆ ಹೇಳೇ’ ಎಂದು ಕೇಳಿ ಸುಮ್ಮನಾಗಿ. ‘ನೀನು ಬದಲಾಗಿಬಿಟ್ಟೆ’ ಎನ್ನುವ ಮಾತು ಬೇಡ, ಅವಳೂ ನಿಮಗೆ ಅದನ್ನೇ ಹೇಳಬಹುದು. ಮನೆಯಲ್ಲಿ ತೊಂದರೆಯಿರಬಹುದು, ಬಡ್ತಿ ತನಗೆ ಸಿಗಲಿಲ್ಲವೆಂಬ ಸಂಕಟವಿರಬಹುದು. ಪೂರ್ತಿ ಕೇಳಿಸಿಕೊಳ್ಳಿ. ಏಳುವ ಮೊದಲು ಮುಂದಿನ ಕೆಲಸಕ್ಕೆ ದಿನಾಂಕ ಗೊತ್ತುಮಾಡಿಕೊಳ್ಳಿ. ಅವಳಿಗೊಂದು, ಉಳಿದವರಿಗೊಂದು ನಿಯಮ ಆಗಕೂಡದು, ಅವರೆಲ್ಲ ನೋಡುತ್ತಲೇ ಇರುತ್ತಾರೆ. ಹಳೆಯ ಸಲುಗೆ ಸ್ವಲ್ಪ ಕಡಿಮೆಯಾದೀತು. ಅದು ನಿಜಕ್ಕೂ ಬೇಸರದ ವಿಷಯವೇ.

ಹಳೆಯ ಹುದ್ದೆಗೆ ಹೋಗುವ ಪ್ರಶ್ನೆ ಈಗ ಬೇಡ. ಈ ಎಂಟು ತಿಂಗಳು ರಾತ್ರಿ ಹೊತ್ತು ನೀವು ಮಾಡಿದ್ದು ಹಳೆಯ ಕೆಲಸವನ್ನೇ. ಹೊಸದನ್ನು ಇನ್ನೂ ಮಾಡಿ ನೋಡಿಲ್ಲ. ಮೂರು ತಿಂಗಳು ಮಾಡಿ. ಆಮೇಲೂ ರಿಪೋರ್ಟ್ ಬರೆಯುವುದೇ ನಿಮ್ಮ ಸಂತೋಷ ಎನಿಸಿದರೆ ಮೇಲಿನವರ ಬಳಿ ಹೋಗಿ ಹಾಗೆಂದೇ ಹೇಳಿ, ಟೀಮಿನ ಮೇಲೆ ದೂರು ಹೊರಿಸದೆ.