ಕೇಳಿದ್ದು ಚರ್ಚೆ, ಬರೆದದ್ದು ಚರಿತ್ರೆ

ಪ್ರಶ್ನೆ: ಮೇಡಂ, ನಾನು ಮಲ್ಲೇಶ್ವರದಲ್ಲಿ ಮೊದಲ ವರ್ಷದ ಬಿ.ಎ. ಓದುತ್ತಿದ್ದೇನೆ. ‘ಗಣೇಶ ವಿಸರ್ಜನೆಗೆ ಬೇರೆ ಕಲ್ಯಾಣಿ ಇದ್ದರೆ ಸ್ಯಾಂಕಿ ಕೆರೆ ಉಳಿಯುತ್ತದೆಯೇ? ಚರ್ಚಿಸಿ’ ಅಂತ ಅಸೈನ್‌ಮೆಂಟ್ ಕೊಟ್ಟಿದ್ದರು. 1882ರಲ್ಲಿ ರಿಚರ್ಡ್ ಸ್ಯಾಂಕಿ ಕೆರೆ ಕಟ್ಟಿಸಿದಲ್ಲಿಂದ ಶುರು ಮಾಡಿ 8 ಪುಟ ಬರೆದೆ. ಕೊನೆಗೆ ‘ಮೂರ್ತಿಯಷ್ಟೇ ಅಲ್ಲ, ಚರಂಡಿ ನೀರೂ ತಡೆಯಬೇಕು’ ಅಂತ ಸೇರಿಸಿದೆ. ‘ಕೇಳಿದ್ದು ಇದಲ್ಲ’ ಎಂದು ಕೆಂಪು ಇಂಕಿನಲ್ಲಿ ಬರೆದು 20ಕ್ಕೆ 7 ಕೊಟ್ಟಿದ್ದಾರೆ. ಮುಂದಿನ ವಾರ ವರದಿ, ಆಮೇಲೆ ಪುಸ್ತಕ ವಿಮರ್ಶೆ ಕೊಡಬೇಕು. ಎಲ್ಲಾ ಪ್ರಬಂಧವೇ ಅಲ್ವಾ?

ಉತ್ತರ: ಅಲ್ಲ. ಪಿಯುಸಿವರೆಗೆ ಗೊತ್ತಿದ್ದನ್ನೆಲ್ಲ ಬರೆದರೆ ಅಂಕ ಬರುತ್ತಿತ್ತು, ಅದಕ್ಕೇ ಈ ಗೊಂದಲ. ಕಾಲೇಜಿನಲ್ಲಿ ಮೊದಲು ನೋಡಬೇಕಾದದ್ದು ಪ್ರಶ್ನೆಯ ಕ್ರಿಯಾಪದ.

‘ವಿವರಿಸಿ’ ಎಂದಿದ್ದರೆ ನಿಮ್ಮ 8 ಪುಟ ಬಹುಪಾಲು ನಡೆಯುತ್ತಿತ್ತು. ‘ಚರ್ಚಿಸಿ’ ಅಂದರೆ ನೀವು ಒಂದು ನಿಲುವು ತೆಗೆದುಕೊಳ್ಳಬೇಕು. ಕಲ್ಯಾಣಿಯಿಂದ ಬಣ್ಣ, ಪ್ಲಾಸ್ಟರ್ ಕೆರೆಗೆ ಬೀಳುವುದು ತಪ್ಪುತ್ತದೆ ಎನ್ನುವವರ ಮಾತನ್ನು ಮೊದಲು ನ್ಯಾಯವಾಗಿ ಹೇಳಿ. ಆಮೇಲೆ ಹೂಳು, ಚರಂಡಿ ನೀರಿನ ವಿಷಯ ತನ್ನಿ. ಯಾವುದರ ತೂಕ ಜಾಸ್ತಿ, ಯಾಕೆ ಅಂತ ನೀವೇ ಹೇಳಿ. 1882ನೇ ಇಸವಿ ಈ ವಾದಕ್ಕೆ ಬೇಕಾದರೆ ಮಾತ್ರ ಬರಲಿ.

ವರದಿಯಲ್ಲಿ ನಿಮ್ಮ ಅಭಿಪ್ರಾಯಕ್ಕಿಂತ ಕಣ್ಣು ಮುಖ್ಯ. ‘ನೀರು ತುಂಬಾ ಗಲೀಜಾಗಿತ್ತು’ ಅಂತ ಬರೆದರೆ ಓದುವವರಿಗೆ ಏನೂ ಕಾಣುವುದಿಲ್ಲ. ‘ಬೆಳಿಗ್ಗೆ 7 ಗಂಟೆ. ದಡದಿಂದ ಎರಡಡಿ ದೂರದವರೆಗೆ ಹಸಿರು ಪಾಚಿ. ಮೆಟ್ಟಿಲ ಹತ್ತಿರ ಆರು ಪ್ಲಾಸ್ಟಿಕ್ ಬಾಟಲಿ’ ಅಂತ ಬರೆದರೆ ಕಾಣುತ್ತದೆ. ಎಂದು ಹೋದಿರಿ, ಎಲ್ಲಿ ನಿಂತಿರಿ, ಹೇಗೆ ಎಣಿಸಿದಿರಿ ಎಂಬುದನ್ನು ಬಿಡಬೇಡಿ. ಸುಮ್ನೆ ಮನೆಯಲ್ಲಿ ಕೂತು ವರದಿ ಬರೆಯಲು ಆಗುವುದಿಲ್ಲ, ಒಮ್ಮೆ ಹೋಗಿ ಬನ್ನಿ.

ವಿಮರ್ಶೆಯಲ್ಲಿ ಕಥೆ ಹೇಳಿ ಮುಗಿಸುವವರೇ ಹೆಚ್ಚು. ಕಥೆಗೆ ಅರ್ಧ ಪುಟ ಸಾಕು. ಪುಸ್ತಕ ಹೇಳಹೊರಟದ್ದು ಏನು, ಅದು ಎಲ್ಲಿ ಗೆದ್ದಿದೆ, ಎಲ್ಲಿ ಜಾರಿದೆ ಎಂಬುದಕ್ಕೆ ಉಳಿದ ಜಾಗ ಕೊಡಿ. ಹೇಳುವ ಮಾತಿಗೆಲ್ಲ ಪುಸ್ತಕದಿಂದಲೇ ಒಂದು ಸಾಲು ತೋರಿಸಿ.

ವಾಪಸ್ ಬಂದ ಹಾಳೆಗಳನ್ನು ಎಸೆಯಬೇಡಿ. ಚರಂಡಿ ನೀರಿನ ಬಗ್ಗೆ ಕೊನೆಯಲ್ಲಿ ಬರೆದಿದ್ದೀರಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಅದೇ. ಆ ಸಾಲನ್ನು ಮೊದಲ ಪುಟಕ್ಕೆ ತಂದು ಮತ್ತೆ ಬರೆಯಿರಿ, ನಿಮ್ಮ ಮೇಷ್ಟ್ರಿಗೆ ತೋರಿಸಿ.