ಎರರ್ ಕಡಿಮೆ ಇದ್ದವನೇ ಒಳ್ಳೆಯ ಫೀಲ್ಡರಾ?

ಪ್ರಶ್ನೆ: ನಮ್ಮ ಕಾಲೇಜು ಬೇಸ್‌ಬಾಲ್ ತಂಡದಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಜಾಗಕ್ಕೆ ಇಬ್ಬರು ಹುಡುಗರಿದ್ದಾರೆ. ಇಬ್ಬರೂ ಆಡಿದ್ದು 90 ಇನ್ನಿಂಗ್ಸ್. ಒಬ್ಬನದು ಪುಟ್‌ಔಟ್ (ತಾನೇ ಮಾಡಿದ ಔಟ್), ಅಸಿಸ್ಟ್ (ಇನ್ನೊಬ್ಬನಿಗೆ ಚೆಂಡು ಕೊಟ್ಟು ಆಗಿಸಿದ ಔಟ್) ಸೇರಿ 48, ಎರರ್ (ಆಗಬೇಕಿದ್ದ ಔಟ್ ಕೈತಪ್ಪಿಸಿದ್ದು) 2. ಇನ್ನೊಬ್ಬನದು 60, ಎರರ್ 5. ಫೀಲ್ಡಿಂಗ್ ಪರ್ಸೆಂಟೇಜ್ ನಂಬಿ ಮೊದಲಿನವನನ್ನೇ ಆಡಿಸಬಹುದೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಅದೊಂದನ್ನೇ ನಂಬಿ ಎರಡನೆಯವನನ್ನು ಹೊರಗೆ ಕೂರಿಸಬೇಡಿ. ಪುಟ್‌ಔಟ್, ಅಸಿಸ್ಟ್‌ಗಳ ಮೊತ್ತವನ್ನು ಎರರ್ ಸೇರಿದ ಒಟ್ಟಿನಿಂದ ಭಾಗಿಸುವ ಈ ಪರ್ಸೆಂಟೇಜ್ ಪ್ರಕಾರ ಮೊದಲಿನವನು ಶೇ. 96, ಎರಡನೆಯವನು ಶೇ. 92.3. ಆದರೆ ಈ ಲೆಕ್ಕಕ್ಕೆ ಬರುವುದು ಕೈಗೆ ಸಿಕ್ಕ ಚೆಂಡು ಮಾತ್ರ. ಓಡಿ ಮುಟ್ಟಲಾಗದೆ ಬಿಟ್ಟ ಚೆಂಡು ಬ್ಯಾಟರ್‌ನ ಹಿಟ್ ಎಂದು ದಾಖಲಾಗುತ್ತದೆ, ಎರರ್ ಆಗುವುದಿಲ್ಲ. ದೂರ ಓಡಿ, ಬಗ್ಗಿ, ಮುಟ್ಟಿ ಬಿಟ್ಟವನಿಗೇ ಕೆಟ್ಟ ಹೆಸರು. ನ್ಯೂಯಾರ್ಕ್ ಯಾಂಕೀಸ್‌ನ ಶಾರ್ಟ್‌ಸ್ಟಾಪ್ ಡೆರೆಕ್ ಜೀಟರ್ 2010ರಲ್ಲಿ ಕೇವಲ 6 ಎರರ್ ಮಾಡಿ ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಐದನೇ ಬಾರಿ ಪಡೆದರು. ಎಷ್ಟು ದೂರದ ಚೆಂಡು ತಲುಪುತ್ತಾರೆ ಎಂದು ಅಳೆಯುವ ಲೆಕ್ಕಗಳು ಮಾತ್ರ ಅವರನ್ನು ಕೆಳಗೇ ಇಟ್ಟವು.

ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಅವರ ರೇಂಜ್ ಫ್ಯಾಕ್ಟರ್‌ನಲ್ಲಿ (ಪುಟ್‌ಔಟ್, ಅಸಿಸ್ಟ್‌ಗಳ ಸರಾಸರಿ) 9 ಇನ್ನಿಂಗ್ಸ್‌ಗೆ ಮೊದಲಿನವನದು 4.8, ಎರಡನೆಯವನದು 6. ಇದರಲ್ಲೂ ಒಂದು ಮೋಸವಿದೆ: ಬ್ಯಾಟರ್‌ನಿಂದ ಚೆಂಡನ್ನು ನೆಲಕ್ಕೆ ಹೊಡೆಸುವ ಪಿಚರ್ (ಚೆಂಡು ಎಸೆಯುವವನು) ಇದ್ದಾಗ ಆಡಿದ ಶಾರ್ಟ್‌ಸ್ಟಾಪ್‌ಗೆ ಚೆಂಡೇ ಹೆಚ್ಚು ಬರುತ್ತದೆ. ಹೀಗಾಗಿ ಬಂದ ಪ್ರತಿ ಚೆಂಡನ್ನೂ ಬರೆಯಬೇಕು, ಅವನ ಕೈ ಮುಟ್ಟದೆ ದಾಟಿದ್ದನ್ನೂ.

ಹಾಳೆಯಲ್ಲಿ ನಾಲ್ಕು ಕಾಲಂ ಸಾಕು: ಹುಡುಗ ಎಲ್ಲಿ ನಿಂತಿದ್ದ, ಚೆಂಡು ಬಂದದ್ದು ಅವನ ಎಡಕ್ಕೋ ಬಲಕ್ಕೋ ನೇರಕ್ಕೋ, ಅದರ ವೇಗ (ನಿಧಾನ, ಸಾಧಾರಣ ಅಥವಾ ಜೋರು), ಔಟ್ ಆಯಿತೋ ಇಲ್ಲವೋ. ಬಲಕ್ಕೆ ಜೋರಾಗಿ ಹೋದ ಚೆಂಡನ್ನು ಬಲಕ್ಕೆ ಜೋರಾಗಿ ಹೋದದ್ದರ ಜೊತೆಗೇ ಹೋಲಿಸಿ. ಬರೆಯುವವನು ಒಬ್ಬನೇ ಇರಲಿ. ಒಬ್ಬನ ‘ಜೋರು’ ಇನ್ನೊಬ್ಬನಿಗೆ ‘ಸಾಧಾರಣ’. ಹೋಮ್ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದೆ ಎತ್ತರದಲ್ಲಿ ಮೊಬೈಲ್ ಇಟ್ಟು ವಿಡಿಯೊ ಮಾಡಿದರೆ ಸಂಜೆ ತಾಳೆ ನೋಡಬಹುದು. ನಮ್ಮ ಕಡೆಯ ಎರೆಮಣ್ಣಿನ ಮೈದಾನ ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ಮೊಣಕಾಲಿಗೆ ಬರಬೇಕಾದ ಚೆಂಡು ಎದೆಗೆ ಪುಟಿಯುತ್ತದೆ. ಅಂಥದ್ದಕ್ಕೊಂದು ಗುರುತು ಹಾಕಿ ಬೇರೆ ಇಡಿ.

ಪ್ರಶ್ನೆ: ಅಮೆರಿಕದ ದೊಡ್ಡ ಲೀಗ್‌ನಲ್ಲಿ ಕ್ಯಾಮೆರಾ ಲೆಕ್ಕ ಬಂದ ಮೇಲೆ ಈ ಗೊಂದಲ ತೀರಿತೇ?
— ಓದುಗರೊಬ್ಬರು, ಗದಗ

ಉತ್ತರ: ಬಹಳಷ್ಟು ತೀರಿದೆ. 2015ರಿಂದ ಆ ಲೀಗಿನ ಎಲ್ಲ ಮೈದಾನಗಳಲ್ಲೂ ಚೆಂಡು, ಆಟಗಾರರ ಚಲನೆ ಅಳೆಯುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಇದೆ. 2020ರಿಂದ ಅದಕ್ಕೆ ಹಾಕ್-ಐ ಕ್ಯಾಮೆರಾ, ಕ್ರಿಕೆಟ್‌ನ ಎಲ್‌ಬಿಡಬ್ಲ್ಯೂ ಮರುಪರಿಶೀಲನೆಯಲ್ಲಿ ನೋಡುತ್ತೇವಲ್ಲ, ಅದೇ. ಔಟ್‌ಫೀಲ್ಡರ್ (ಬೇಸ್‌ಗಳಾಚೆ ದೂರದಲ್ಲಿ ನಿಲ್ಲುವವನು) ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ, ಯಾವ ದಿಕ್ಕಿಗೆ ಓಡಬೇಕಿತ್ತು ಎಂಬುದರಿಂದ ಕ್ಯಾಚಿನ ಸಾಧ್ಯತೆ ಕಟ್ಟುತ್ತಾರೆ. ಶೇ. 25 ಸಾಧ್ಯತೆಯ ಚೆಂಡು ಹಿಡಿದರೆ 0.75 ಅಂಕ ಸಿಗುತ್ತದೆ, ಬಿಟ್ಟರೆ 0.25 ಕಳೆಯುತ್ತದೆ. ಶೇ. 95ರದ್ದನ್ನು ಬಿಟ್ಟರೆ 0.95 ಹೋಯಿತು. ಆದರೂ ಫೀಲ್ಡರ್‌ಗೆ ಓಡುವ ಮೊದಲೇ ಸರಿಯಾದ ಜಾಗದಲ್ಲಿ ನಿಂತ ಜಾಣತನದ ಅಂಕ ಇದರಲ್ಲಿ ಸಿಗುವುದಿಲ್ಲ, ನೆಲಕ್ಕೆ ತಾಗಿ ಬಂದ ಕೆಟ್ಟ ಥ್ರೋವನ್ನು ಫಸ್ಟ್ ಬೇಸ್‌ನವನು ಬಾಚಿಕೊಂಡದ್ದರ ಅಂಕವೂ ಇಲ್ಲ.

ಇನ್ನು ಒಂದೇ ಸೀಸನ್ನಿನ ಅಂಕಿಗೆ ಜೋತು ಬೀಳಬೇಡಿ. ಮೈದಾನವನ್ನು ವಲಯಗಳಾಗಿ ಹಂಚಿ ಮಾಡುತ್ತಿದ್ದ ಹಳೆಯ ಲೆಕ್ಕಗಳಿಗೆ ಮೂರು ಸೀಸನ್ ಕೂಡಿಸಿ ನೋಡುವ ರೂಢಿ ಇತ್ತು. ಕಾಲೇಜು ಮಟ್ಟದಲ್ಲಿ ಇಬ್ಬರಿಗೂ 60 ಚೆಂಡು ಬಂದು ಐದು ಔಟ್‌ಗಳ ಅಂತರವಿದ್ದರೆ ಅದು ಬರೀ ಅದೃಷ್ಟದಿಂದಲೂ ಆಗಬಹುದು. ಹದಿನೈದರ ಅಂತರವಿದ್ದರೆ ಧೈರ್ಯವಾಗಿ ಆರಿಸಿ.